ಆರು ಎಕರೆ ಹುಲ್ಲು

ಹುಲ್ಲು ಕತ್ತರಿಸುವ ಯಂತ್ರದ ವಿಚಾರವಾಗಿ ಲೇಖನವೊಂದನ್ನು ಬರೆದೇನೆಂದು ನಾನು ಎಂದೂ ಎಣಿಸಿದವನಲ್ಲ. ಪಾಠಶಾಲೆಯಲ್ಲಿ ಕಲಿತದ್ದು ಕಾವ್ಯ, ವ್ಯಾಕರಣ, ಸ್ವಲ್ಪ ಜ್ಯೋತಿಷ. ಆಮೇಲೆ ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕಲಿಸಿದುದು ಸಂಸ್ಕೃತ ಮತ್ತು ಕನ್ನಡ. ಮನೆಯ ಮಿಕ್ಸಿಯನ್ನು ಕೂಡ ನಾನು ಮುಟ್ಟಿದವನಲ್ಲವೆಂಬುದಕ್ಕೆ ನನ್ನ ಹೆಂಡತಿಯೇ ಸಾಕ್ಷಿ. ಆದರೆ 2024ನೆಯ ಇಸವಿಯ ಏಪ್ರಿಲ್ ತಿಂಗಳ ನಡುವಿನಿಂದ ಸೆಪ್ಟೆಂಬರ್ ಕಡೆಯವರೆಗೆ ನಾವಿಬ್ಬರೂ ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ಮಗನ ಮನೆಯಲ್ಲಿದ್ದೆವು. ಆ ಐದೂವರೆ ತಿಂಗಳಲ್ಲಿ ಮೊದಲ ಎರಡು ತಿಂಗಳು ಆ ಮನೆಯಲ್ಲಿ ಊಟದ ಹೊತ್ತಿಗೂ ನಿದ್ದೆಯ ಹೊತ್ತಿಗೂ ಯಂತ್ರದ ಮಾತಲ್ಲದೆ ಬೇರೆ ಮಾತಿರಲಿಲ್ಲ. ಆದುದರಿಂದ ನಾನು ಕಂಡುದನ್ನೂ ಕಲಿತುದನ್ನೂ ಇಲ್ಲಿ ಹೇಳುವುದು ಅಪರಾಧವಾಗಲಾರದೆಂದು ನಂಬಿದ್ದೇನೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿದ್ದಾರೆ. ವಾಚಕರಲ್ಲಿ ಕೆಲವರಿಗಾದರೂ ಈ ಪ್ರಸಂಗ ಒದಗಿಯೇ ಒದಗೀತು.

ಮಗನ ಮನೆ ಕೊಲಂಬಸ್ ನಗರದಿಂದ ಸುಮಾರು ಮೂವತ್ತು ಮೈಲಿ ಉತ್ತರಕ್ಕೆ, ಹಳ್ಳಿಗಾಡಿನಲ್ಲಿದೆ. ಮನೆಗೆ ಸೇರಿದ ನೆಲ ಆರು ಎಕರೆ. ಅದರಲ್ಲಿ ಹಿಂದುಗಡೆ ಒಂದು ಎಕರೆಗೆ ಮಿಕ್ಕಿ ಓಕ್, ಮೇಪಲ್ ಮರಗಳ ತೋಪು. ಒಂದು ಪಕ್ಕಕ್ಕೆ, ಹಿಂದೆ ಯಾರೋ ರೈತನು ದನಗಳಿಗೆಂದು ಏರಿ ಹಾಕಿ ಕಟ್ಟಿದ ಸಣ್ಣ ಕೊಳ. ಮನೆ, ದಾರಿ, ಕೊಟ್ಟಿಗೆ ಇವಿಷ್ಟನ್ನು ಕಳೆದರೆ ಉಳಿದ ನಾಲ್ಕು ಎಕರೆಯೂ ಹುಲ್ಲು. ಹುಲ್ಲೆಂದರೆ ನಮ್ಮ ಬೇಣದ ಹುಲ್ಲಲ್ಲ. ಬೇಣದ ಹುಲ್ಲನ್ನು ಕಾರ್ತಿಕ ಕಳೆಯುತ್ತಿರುವಾಗ ಕೊಯ್ದು, ಒಣಗಿಸಿ, ಕರಡವೆಂದು ಕೊಟ್ಟಿಗೆಯ ಅಟ್ಟಕ್ಕೇರಿಸಿದರೆ ವರ್ಷವೆಲ್ಲ ದನಗಳಿಗೆ ಮೇವು, ಗೊಬ್ಬರದ ಗುಂಡಿಗೆ ಹಾಸು. ಇಲ್ಲಿಯದು ಹಾಗಲ್ಲ. ಬೀಜ ಬಿತ್ತಿ, ಗೊಬ್ಬರವಿಕ್ಕಿ, ಅದು ಬೆಳೆದಾಗ ಬೆಳೆಯಿತಲ್ಲಾ ಎಂದು ವ್ಯಥೆಪಟ್ಟು, ಕತ್ತರಿಸಿ, ಕತ್ತರಿಸಿದುದನ್ನು ಅಲ್ಲಿಯೇ ಚೆಲ್ಲಿಬಿಡುವುದು. ಆರು ಎಕರೆಯಲ್ಲಿ ಒಂದು ದನವಿಲ್ಲ, ಒಂದು ಬಸಳೆಯ ಚಪ್ಪರವಿಲ್ಲ. ಬಂದ ಮೊದಲ ವಾರದಲ್ಲಿಯೇ ನಾನು ಇದನ್ನು ಬಾಯಿಬಿಟ್ಟು ಆಡಿದೆನು. ಮಗನು ನಕ್ಕು ಸುಮ್ಮನಾದನು. ಸೊಸೆಯು ಮಾತ್ರ, “ನಾನೂ ಕೊಳ್ಳುವಾಗ ಇದನ್ನೇ ಹೇಳಿದ್ದೆ ಮಾವ, ಒಂದು ಎಕರೆ ಸಾಲದೇ ಎಂದು” ಎಂದಳು. ಮಗನು ಅದಕ್ಕೂ ಉತ್ತರ ಕೊಡಲಿಲ್ಲ.

ಹಸುರು ನೆಲವನ್ನು ಸಮನಾಗಿ ಕತ್ತರಿಸಿಡುವ ಈ ಚಟ ಅಮೆರಿಕದವರಿಗೆ ಇಂಗ್ಲೆಂಡಿನಿಂದ ಬಂದದ್ದು. ಹಿಂದೆ ಅಲ್ಲಿ ಸಿರಿವಂತರ ಬಂಗಲೆಗಳ ಮುಂದೆ ಮಾತ್ರ ಇಂಥ ಹಾಸು ಇರುತ್ತಿತ್ತು. ಕುರಿಗಳು ಮೇಯ್ದೋ, ಉದ್ದಹಿಡಿಯ ಕುಡುಗೋಲಿನಿಂದ ಆಳುಗಳು ಸವರಿಯೋ ಅದನ್ನು ಕಾಪಾಡಬೇಕಾಗಿತ್ತು. 1830ರಲ್ಲಿ ಗ್ಲೋಸ್ಟರ್‌ಷೈರಿನ ಸ್ಟ್ರೌಡ್ ಎಂಬ ಊರಿನ ಬಳಿಯ ಎಡ್ವಿನ್ ಬಡ್ಡಿಂಗ್ ಎಂಬ ಕಮ್ಮಟಗಾರನು, ನೇಯ್ಗೆಯ ಕಾರ್ಖಾನೆಯಲ್ಲಿ ಉಣ್ಣೆಯ ಬಟ್ಟೆಯ ಮೇಲೆ ಎದ್ದ ನವಿರನ್ನು ಕತ್ತರಿಸುವ ಉರುಳೆಯನ್ನು ನೋಡಿ, ಇದನ್ನೇ ಹುಲ್ಲಿನ ಮೇಲೆ ಏಕೆ ಉರುಳಿಸಬಾರದು ಎಂದು ಯೋಚಿಸಿ ಮೊದಲ ಯಂತ್ರವನ್ನು ಮಾಡಿದನು. ಭೂಮಿಯನ್ನು ಬಟ್ಟೆಯೆಂದು ಭಾವಿಸುವುದು ನಮ್ಮ ಕವಿಗಳಿಗೆ ಹೊಸದಲ್ಲ; ಕಮ್ಮಟಗಾರನಿಗೂ ಅದು ಹೊಳೆಯಿತೆಂಬುದು ನನಗೆ ಹಿಡಿಸಿತು. ಅಲ್ಲಿಂದ ಮುಂದಕ್ಕೆ ಸಿರಿವಂತನಲ್ಲದವನಿಗೂ ಹಸುರುಹಾಸು ಸಾಧ್ಯವಾಯಿತು, ಸಾಧ್ಯವಾದುದು ಕ್ರಮೇಣ ಕರ್ತವ್ಯವಾಯಿತು. ಈಗ ಅಮೆರಿಕದ ಅನೇಕ ಊರುಗಳಲ್ಲಿ ಹುಲ್ಲು ಇಂತಿಷ್ಟು ಅಂಗುಲ ಮೀರಿದರೆ ಪಂಚಾಯತಿಯವರು ಚೀಟಿ ಕಳುಹಿಸುವುದುಂಟು.

ಮಗನು ಮನೆಯನ್ನು ಕೊಂಡಾಗ ಹಿಂದಿನವರು ಬಿಟ್ಟುಹೋಗಿದ್ದ ಯಂತ್ರವೊಂದು ಕೊಟ್ಟಿಗೆಯಲ್ಲಿದ್ದಿತು. ಚಿಕ್ಕ ಟ್ರಾಕ್ಟರಿನಂತೆ ಮುಂದೆ ಇಂಜಿನು, ನಡುವೆ ಚಾಲಕನ ಚಕ್ರ, ಹೊಟ್ಟೆಯ ಕೆಳಗೆ 42 ಅಂಗುಲ ಅಗಲದ ಕತ್ತರಿಸುವ ತಟ್ಟೆ. ಈ ತಟ್ಟೆಗೆ ಅಲ್ಲಿ ಡೆಕ್ಕು ಎನ್ನುತ್ತಾರೆ. ಅದರೊಳಗೆ ಅಲಗುಗಳು ಸುತ್ತುತ್ತವೆ. ಶನಿವಾರ ಬೆಳಗ್ಗೆ ಮಗನು ಅದನ್ನೇರಿದರೆ ಇಳಿಯುವುದು ಮಧ್ಯಾಹ್ನದ ಊಟಕ್ಕೆ. ಊಟವಾದ ಮೇಲೆ ಮರಗಳ ಬುಡದಲ್ಲಿ ಉಳಿದುದನ್ನು ಸವರಲು ಮತ್ತೆ ಹೊರಡುವನು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತವನಿಗೆ ಉಳಿದ ಒಂದು ದಿನವೂ ಯಂತ್ರದ ಮೇಲೆಯೇ. ಮೊಮ್ಮಗನಿಗೆ ಐದು ವರ್ಷ. ತಂದೆ ದೂರದಲ್ಲಿ ಹೋಗುತ್ತ ಬರುತ್ತ ಇರುವುದನ್ನು ಆ ಮಗು ಕಿಟಕಿಯಲ್ಲಿ ನಿಂತು ನೋಡುತ್ತಿತ್ತು. ಮೇ ತಿಂಗಳಲ್ಲಿಯಂತೂ ಅಲ್ಲಿಯ ಹುಲ್ಲು ಐದಾರು ದಿನಕ್ಕೊಮ್ಮೆ ಕತ್ತರಿಸುವಷ್ಟು ಬೆಳೆಯುತ್ತದೆ. ಒಂದು ಸಲಕ್ಕೆ ಎತ್ತರದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದೆಂಬುದು ಅವರ ಶಾಸ್ತ್ರ. ಮೂರು ಅಂಗುಲಕ್ಕೆ ನಿಲ್ಲಿಸಬೇಕಾದರೆ ನಾಲ್ಕೂವರೆ ಆಗುವುದರೊಳಗೆ ಕತ್ತರಿಸಬೇಕು. ಮಳೆ ಬಂದು ಒಂದು ಶನಿವಾರ ತಪ್ಪಿದರೆ ಲೆಕ್ಕವೆಲ್ಲ ತಪ್ಪಿತು.

“ಕೂಲಿಗೆ ಕೊಟ್ಟರಾಗದೇನೋ?” ಎಂದೆನು. ಕೇಳಿಯಾಗಿತ್ತಂತೆ, ಒಂದು ಸಲಕ್ಕೆ ಇನ್ನೂರು ಡಾಲರು. ವರ್ಷಕ್ಕೆ ಇಪ್ಪತ್ತೇಳು ಸಲವೆಂದರೆ 5,400 ಡಾಲರು. ಒಳ್ಳೆಯ ಯಂತ್ರದ ಬೆಲೆ ಎರಡು ವರ್ಷದೊಳಗೆ ಹುಟ್ಟಿಬರುವುದು. ಇಲ್ಲಿಂದ ಜೀರೋ-ಟರ್ನ್ ಮೋವರಿನ ಪುರಾಣ ಆರಂಭವಾಯಿತು.

ಈ ಯಂತ್ರಕ್ಕೆ ಚಾಲಕನ ಚಕ್ರವಿಲ್ಲ. ಕುಳಿತವನ ಎರಡು ಕೈಗಳಿಗೆ ಎರಡು ಹಿಡಿಗಳು; ಬಲದ ಹಿಡಿ ಹಿಂದಿನ ಬಲಚಕ್ರಕ್ಕೆ, ಎಡದ್ದು ಎಡಚಕ್ರಕ್ಕೆ. ಪ್ರತಿಯೊಂದು ಹಿಂಚಕ್ರಕ್ಕೂ ಬೇರೆ ಬೇರೆಯಾಗಿ ಎಣ್ಣೆಯ ಒತ್ತಡದಿಂದ ನಡೆಯುವ ಪಂಪು ಮೋಟಾರುಗಳಿವೆ. ಹೈಡ್ರೋಸ್ಟ್ಯಾಟಿಕ್ ಎಂದು ಅದರ ಹೆಸರು. ಹಿಡಿಯನ್ನು ಮುಂದಕ್ಕೆ ತಳ್ಳಿದಷ್ಟೂ ಆ ಚಕ್ರ ಮುಂದಕ್ಕೆ, ಹಿಂದಕ್ಕೆಳೆದರೆ ಹಿಂದಕ್ಕೆ. ಮುಂದಿನ ಎರಡು ಚಿಕ್ಕ ಚಕ್ರಗಳು ಅಂಗಡಿಯ ತಳ್ಳುಗಾಡಿಯವುಗಳಂತೆ ಎತ್ತ ಎಳೆದರೆ ಅತ್ತ ತಿರುಗುವ ಪರಾಧೀನ ಚಕ್ರಗಳು. ಒಂದು ಹಿಡಿಯನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ಸಮನಾಗಿ ನಡೆಸಿದರೆ ಯಂತ್ರವು ಹಿಂಚಕ್ರಗಳ ನಡುವಣ ಬಿಂದುವನ್ನೇ ಕೇಂದ್ರ ಮಾಡಿಕೊಂಡು ಕುಂಬಾರನ ಚಕ್ರದಂತೆ ನಿಂತಲ್ಲಿಯೇ ಸುತ್ತುತ್ತದೆ. ತಿರುವಿನ ತ್ರಿಜ್ಯ ಶೂನ್ಯ. ಅದರಿಂದ ಆ ಹೆಸರು. ನಾನು ಅದಕ್ಕೆ ‘ಶೂನ್ಯಾವರ್ತ’ವೆಂದು ನಾಮಕರಣ ಮಾಡಿದೆನು. ಮನೆಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ಅಮೆರಿಕದ ನಡುನಾಡಾದ ಕಾನ್ಸಾಸಿನ ಜಾನ್ ರೆಜಿಯರ್ ಎಂಬಾತನು 1963ರಲ್ಲಿ ಇಂಥದೊಂದನ್ನು ಕಟ್ಟಿದನೆಂದೂ ಅದೇ ಸೀಮೆಯ ಹೆಸ್‌ಸ್ಟನ್ ಊರಿನ ಹಸ್ಲರ್ ಯಂತ್ರಗಳು ಅದರ ವಂಶದವೆಂದೂ ಹೇಳುತ್ತಾರೆ. ಸಾಲಿನ ಕೊನೆಯಲ್ಲಿ ಟ್ರಾಕ್ಟರು ದೊಡ್ಡ ಬಳಸು ಬಳಸಿ ಬರುವಷ್ಟರಲ್ಲಿ ಇದು ತಟಕ್ಕನೆ ತಿರುಗಿ ಪಕ್ಕದ ಸಾಲನ್ನು ಹಿಡಿದಿರುತ್ತದೆ. ಮರವೊಂದು ಎದುರಾದರೆ ಅದರ ಬುಡವನ್ನು ಸುತ್ತಿಕೊಂಡೇ ಹೋಗುತ್ತದೆ.

ಕೊಳ್ಳುವುದೆಂದರೆ ಸುಲಭವಲ್ಲ. ಹಸ್ಲರ್, ಟೋರೊ, ಸ್ಕ್ಯಾಗ್, ಎಕ್ಸ್‌ಮಾರ್ಕ್, ಜಾನ್ ಡಿಯರ್, ಕುಬೋಟಾ ಎಂದು ಗೋತ್ರಗಳು ಹಲವು. ಒಂದೊಂದು ಗೋತ್ರಕ್ಕೂ ಮನೆಬಳಕೆಯದು, ನಡುತರದ್ದು, ಕೂಲಿಯವರು ದಿನವಿಡೀ ದುಡಿಸುವಂಥದು ಎಂದು ಪ್ರವರಗಳು. ಮೂರುನಾಲ್ಕು ಸಾವಿರ ಡಾಲರಿನಿಂದ ಹಿಡಿದು ಹನ್ನೆರಡು ಸಾವಿರವನ್ನು ದಾಟಿದ ಯಂತ್ರಗಳೂ ಉಂಟು. ಮಗನು ರಾತ್ರಿ ಹನ್ನೊಂದರವರೆಗೆ ಕುಳಿತು ಇವುಗಳ ಗುಣದೋಷಗಳನ್ನು ಓದುವನು. ನಾನು ಪಕ್ಕದಲ್ಲಿ ಕುಳಿತು ಕೇಳುವೆನು. ತಿಂಗಳೊಂದರಲ್ಲಿ ನನಗೂ ಪದಾರ್ಥಜ್ಞಾನ ಉಂಟಾಯಿತು.

ಡೆಕ್ಕುಗಳಲ್ಲಿ ಒಂದೇ ತಗಡನ್ನು ಅಚ್ಚಿನಲ್ಲೊತ್ತಿ ಮಾಡಿದವು ಒಂದು ಬಗೆ. ದಪ್ಪ ಉಕ್ಕಿನ ಹಲಗೆಗಳನ್ನು ಕತ್ತರಿಸಿ ಬೆಸೆದವು ಇನ್ನೊಂದು ಬಗೆ. ಬೇರು ಕಲ್ಲುಗಳಿದ್ದಲ್ಲಿ ಎರಡನೆಯದು ತಾಳುತ್ತದೆ, ತೂಕ ಹೆಚ್ಚು. ಎಣ್ಣೆಯ ಒತ್ತಡದ ಪೆಟ್ಟಿಗೆಗಳಲ್ಲಿ ಅಗ್ಗದವಕ್ಕೆ ಮುಚ್ಚಳವೇ ಇಲ್ಲ. ಒಳಗಿನ ಎಣ್ಣೆ ಹಳತಾದರೆ ಪೆಟ್ಟಿಗೆಗೇ ತರ್ಪಣ. ಮೇಲಿನ ತರಗತಿಯವುಗಳಲ್ಲಿ ಎಣ್ಣೆಯನ್ನೂ ಸೋಸುಗವನ್ನೂ ಬದಲಾಯಿಸಬಹುದು. ಯಂತ್ರದ ಆಯುಸ್ಸನ್ನು ವರ್ಷಗಳಲ್ಲಿ ಎಣಿಸುವುದಿಲ್ಲ, ಗಂಟೆಗಳಲ್ಲಿ. ಅದಕ್ಕೆಂದೇ ಅದರ ಮೈಮೇಲೆ ಒಂದು ಗಡಿಯಾರವಿರುತ್ತದೆ. ಈಚಿನ ವರ್ಷಗಳಲ್ಲಿ ಬ್ಯಾಟರಿಯಿಂದ ನಡೆಯುವವೂ ಬಂದಿವೆ. ಅವು ಗದ್ದಲ ಮಾಡುವುದಿಲ್ಲವಾದುದರಿಂದ ನನ್ನ ಮತ ಅವುಗಳಿಗೆ ಬಿದ್ದಿತ್ತು. ಆದರೆ ಮೇ ತಿಂಗಳ ಒತ್ತಾದ ಒದ್ದೆ ಹುಲ್ಲಿನಲ್ಲಿ ನಾಲ್ಕು ಎಕರೆಯನ್ನು ಒಂದೇ ಉಸುರಿನಲ್ಲಿ ಮುಗಿಸುವ ಬ್ಯಾಟರಿಯ ಬೆಲೆಯನ್ನು ಕೇಳಿ ನಾನೇ ಮತವನ್ನು ಹಿಂದಕ್ಕೆ ತೆಗೆದುಕೊಂಡೆನು.

ಅಗಲದ ಪ್ರಶ್ನೆಯಲ್ಲಿ ಮಾತ್ರ ನಾನು ಉಪಯೋಗಕ್ಕೆ ಬಂದೆನೆಂದು ಹೇಳಿಕೊಳ್ಳಬಹುದು. ಮಗನಿಗೆ 60 ಅಂಗುಲದ ಮೇಲೆ ಮನಸ್ಸು. ದೊಡ್ಡದಾದಷ್ಟೂ ಬೇಗ ಮುಗಿಯುವುದೆಂಬುದು ಅವನ ವಾದ. ನಾನು ಕಾಗದ ತೆಗೆದುಕೊಂಡೆನು. ಮೈಲಿಗೆ 5,280 ಅಡಿ. ಎಕರೆಗೆ 43,560 ಚದರಡಿ. ಗಂಟೆಗೆ ಮೈಲಿಗಳ ವೇಗವನ್ನು ಅಂಗುಲಗಳ ಅಗಲದಿಂದ ಗುಣಿಸಿ 99ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಎಕರೆಯೆಂಬುದು ಬರುತ್ತದೆ. ಸಾಲಿನ ಮೇಲೆ ಸಾಲು ಹೊದೆಯುವುದಕ್ಕೂ ತಿರುಗುವುದಕ್ಕೂ ಐದರಲ್ಲೊಂದು ಪಾಲನ್ನು ಕಳೆಯಬೇಕು. ಹಳೆಯ ಟ್ರಾಕ್ಟರು 42 ಅಂಗುಲ, ನಾಲ್ಕು ಮೈಲಿಯ ವೇಗ: ನಾಲ್ಕು ಎಕರೆಗೆ ಹತ್ತಿರಹತ್ತಿರ ಮೂರು ಗಂಟೆ. ಮರಗಳ ಸುತ್ತಿನ ಹೆಣಗಾಟ ಬೇರೆ. ಶೂನ್ಯಾವರ್ತವು 54 ಅಂಗುಲ, ಆರು ಮೈಲಿಯ ವೇಗ: ಒಂದೂವರೆ ಗಂಟೆ. ಅದೇ ವೇಗದಲ್ಲಿ 60 ಅಂಗುಲವಾದರೆ ಒಂದು ಗಂಟೆ ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷ. ಆರು ಅಂಗುಲ ಹೆಚ್ಚಿದುದಕ್ಕೆ ಲಾಭ ಒಂಬತ್ತು ನಿಮಿಷ! ಅದಲ್ಲದೆ ಅಗಲವಾದ ಡೆಕ್ಕು ಏರುತಗ್ಗಿನ ನೆಲದಲ್ಲಿ ದಿಬ್ಬದ ನೆತ್ತಿಯನ್ನು ಬೋಳಿಸಿಬಿಡುತ್ತದೆ. ಇಷ್ಟು ಹೇಳಿಯೂ ಮಗನು ಒಪ್ಪುವಂತೆ ಕಾಣಲಿಲ್ಲ. ಕಡೆಗೆ ಕೊಟ್ಟಿಗೆಯ ಬಾಗಿಲನ್ನು ಅಳೆದೆವು. ಸರಿಯಾಗಿ ಐದು ಅಡಿ. 60 ಅಂಗುಲದ್ದು ಒಳಕ್ಕೆ ಹೋಗದು. 54ರದು ಪಕ್ಕದ ಹುಲ್ಲುಬಾಯಿಯನ್ನು ಮೇಲಕ್ಕೆ ಮಡಿಸಿದರೆ ಹೋಗುವುದು. ನನ್ನ ಗಣಿತಕ್ಕಿಂತ ಬಾಗಿಲಿನ ಚೌಕಟ್ಟೇ ಪ್ರಬಲ ಪ್ರಮಾಣವಾಯಿತು.

ಜೂನ್ ಮೊದಲ ವಾರದಲ್ಲಿ ಹತ್ತಿರದ ಪೇಟೆಯ ಅಂಗಡಿಯವರು ಎರಡು ಯಂತ್ರಗಳನ್ನು ಹಿಂಬಂಡಿಯಲ್ಲಿ ಹೇರಿಕೊಂಡು ಮನೆಗೇ ಬಂದರು. ಓಡಿಸಿ ನೋಡಿ, ಆಮೇಲೆ ಕೊಳ್ಳಿರಿ ಎಂಬ ಮರ್ಯಾದೆ ಅಲ್ಲಿದೆ. ತಂದವರು ನನ್ನ ವಯಸ್ಸಿನವರು. ಹಿಂದೆ ಜೋಳ ಸೋಯಾಬೀನು ಬೆಳೆಯುತ್ತಿದ್ದವರಂತೆ. ನನ್ನನ್ನೂ ಬಲವಂತವಾಗಿ ಏರಿಸಿದರು. ಎತ್ತಿನ ಗಾಡಿ ಹೊಡೆದವನಿಗೆ ಇದು ತೀರ ಹೊಸದಲ್ಲ. ಎಡಗೈಯನ್ನು ಜಗ್ಗಿದರೆ ಎಡಕ್ಕೆ, ಬಲಗೈಯನ್ನು ಜಗ್ಗಿದರೆ ಬಲಕ್ಕೆ, ಎರಡನ್ನೂ ಜಗ್ಗಿದರೆ ಹಿಂದಕ್ಕೆ. ಆದರೆ ಎತ್ತುಗಳಿಗೆ ಸ್ವಂತ ಬುದ್ಧಿಯಿರುತ್ತದೆ, ಹೊಡೆಯುವವನ ತಪ್ಪನ್ನು ಅವು ತಿದ್ದಿಕೊಳ್ಳುತ್ತವೆ. ಇದಕ್ಕೆ ಅದಿಲ್ಲ. ನಾನು ಮೂರು ಸುತ್ತು ಬುಗುರಿಯಂತೆ ತಿರುಗಿ, ಹೂವಿನ ಪಾತಿಯ ಅಂಚಿನಲ್ಲಿ ನಿಂತೆನು. ಮೊಮ್ಮಗನು ಚಪ್ಪಾಳೆ ತಟ್ಟಿದನು. ನನ್ನ ಹೆಂಡತಿ ಪಡಸಾಲೆಯಿಂದಲೇ, “ಇಳಿಯಿರಿ ಸಾಕು” ಎಂದಳು.

ಮುಂದಿನದನ್ನು ಬರೆಯಲು ಈಗಲೂ ಕೈ ನಡುಗುತ್ತದೆ. ಹೊತ್ತು ಇನ್ನೂ ಒಂಬತ್ತು ದಾಟಿರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಆರಿರಲಿಲ್ಲ. ಅಂಗಡಿಯವರು ಎರಡನೆಯ ಯಂತ್ರವನ್ನು ಇಳಿಸುತ್ತಿದ್ದರು. ಮಗನು ಮೊದಲನೆಯದನ್ನು ಹಿತ್ತಿಲ ಕಡೆ ನಡೆಸಿಕೊಂಡು ಹೋದವನು ಕೊಳದ ಏರಿಯ ಮೇಲೆ ಹತ್ತಿ, ಹಳೆಯ ಟ್ರಾಕ್ಟರಿನಲ್ಲಿ ಎರಡು ವರ್ಷ ಮಾಡಿದ ಅಭ್ಯಾಸದಂತೆ, ನೀರಿನ ಕಡೆಯ ಇಳಿಜಾರಿನಲ್ಲಿ ಓರೆಯಾಗಿ ಇಳಿದನು. ನಾನು ನೋಡುತ್ತಿದ್ದೆನು. ಯಂತ್ರದ ಮೂತಿ ತಾನಾಗಿಯೇ ಕೆಳಕ್ಕೆ ತಿರುಗಿತು. ಅವನು ಹಿಡಿಗಳನ್ನು ಹಿಂದಕ್ಕೆಳೆದುದು ಕಾಣಿಸಿತು; ಚಕ್ರಗಳು ನಿಂತುವು, ಯಂತ್ರ ನಿಲ್ಲಲಿಲ್ಲ. ಎಣ್ಣೆ ಸುರಿದ ಕಲ್ಲಿನ ಮೇಲೆ ಜಾರಿದಂತೆ ಜಾರಿ, ಆಪಿನ ಹುಲ್ಲನ್ನು ಸೀಳಿಕೊಂಡು, ಮುಂಚಕ್ರಗಳನ್ನು ಕೆಸರಿನಲ್ಲಿ ಹೂತು ನಿಂತಿತು. ನೀರು ಅಲ್ಲಿ ಒಂದಡಿಯ ಆಳ. ಇನ್ನೊಂದು ಮಾರು ಮುಂದೆ ಆಳು ಮುಳುಗುವಷ್ಟು. ಅವನ ಬೆನ್ನ ಹಿಂದೆ ಉಕ್ಕಿನ ಕಮಾನು ಎತ್ತಿ ನಿಂತಿತ್ತು, ಸೊಂಟಕ್ಕೆ ಪಟ್ಟಿಯನ್ನು ಬಿಗಿದಿದ್ದನು. ಯಂತ್ರ ಮಗುಚಿದರೆ ಕೆಳಗಿರುವವನು ಜಜ್ಜಿಹೋಗದಂತೆ ಕಾಯುವ ಏರ್ಪಾಡು ಅದು. ಕಮಾನನ್ನು ಎತ್ತಿದ್ದಾಗ ಪಟ್ಟಿಯನ್ನು ಕಟ್ಟಲೇಬೇಕು, ಮಡಿಸಿದ್ದಾಗ ಕಟ್ಟಕೂಡದು. ಅದನ್ನು ಅಂಗಡಿಯವರು ಹೇಳಿಯೇ ಕೊಟ್ಟಿದ್ದರು. ಇಳಿಜಾರಿನ ಹತ್ತಿರ, ನೀರಿನ ಹತ್ತಿರ ಹೋಗಬೇಡಿರೆಂದೂ ಹೇಳಿದ್ದರು. ತಪ್ಪು ನಮ್ಮದೇ.

ಮಗನು ಮೊಣಕಾಲವರೆಗಿನ ಕೆಸರಿನಲ್ಲಿ ನಡೆದು ಮೇಲೆ ಬಂದನು. ಅವನ ತಾಯಿ ಏನೂ ಅನ್ನದೆ ಅವನ ತೋಳನ್ನು ಮುಟ್ಟಿ ನೋಡಿ ಒಳಕ್ಕೆ ಹೋದಳು. ಅಂಗಡಿಯವರು ತಮ್ಮ ಬಂಡಿಗೆ ಮಿಣಿ ಕಟ್ಟಿ ಯಂತ್ರವನ್ನು ಎಳೆದರು. ಎಳೆಯುವಾಗ ಅವರು ವಿವರಿಸಿದುದನ್ನು ಮಗನು ನನಗೆ ಕನ್ನಡದಲ್ಲಿ ಹೇಳಿದನು. ಈ ಯಂತ್ರಕ್ಕೆ ದಿಕ್ಕು ತೋರಿಸುವುದೂ ಹಿಂಚಕ್ರಗಳೇ, ತಡೆಯುವುದೂ ಹಿಂಚಕ್ರಗಳೇ. ಮೂತಿ ಕೆಳಗಾದರೆ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂಚಕ್ರಗಳ ಹಿಡಿತ ಸಡಿಲುತ್ತದೆ. ಅವು ಜಾರಿದುವೆಂದರೆ ದಿಕ್ಕೂ ಹೋಯಿತು, ತಡೆಯೂ ಹೋಯಿತು. ಪರಾಧೀನವಾದ ಮುಂಚಕ್ರಗಳು ಇಳುಕಲಿನ ಕಡೆಗೇ ತಿರುಗುತ್ತವೆ. ಟ್ರಾಕ್ಟರಿನಲ್ಲಿ ಮುಂಚಕ್ರ ಚಾಲಕನ ಕೈಯಲ್ಲಿರುವುದರಿಂದ ಅದು ಹೇಗೋ ಬಚಾವು. ಅದಕ್ಕೂ ಆ ಏರಿ ಕ್ಷೇಮವಲ್ಲವೆನ್ನಿ. ಸಪಾಟು ನೆಲದಲ್ಲಿ ಯಾವುದು ಇದರ ಗುಣವೋ ಇಳಿಜಾರಿನಲ್ಲಿ ಅದೇ ಇದರ ದೋಷ.

ಆ ರಾತ್ರಿ ಮನೆಯಲ್ಲಿ ಊಟ ಸೇರಲಿಲ್ಲ. ಸೊಸೆ ಮನೆಯನ್ನೇ ಮಾರಿಬಿಡುವ ಮಾತನಾಡಿದಳು. ನಾನು ಯಂತ್ರದ ಕೈಪಿಡಿಯನ್ನು ಓದಿಸಿ ಕೇಳಿದೆನು. 15 ಅಂಶಕ್ಕಿಂತ ಹೆಚ್ಚು ಇಳಿಜಾರಿರುವಲ್ಲಿ ನಡೆಸಕೂಡದೆಂದು ಸ್ಪಷ್ಟವಾಗಿ ಬರೆದಿತ್ತು. ಬಹುಪಾಲು ಯಂತ್ರಗಳಿಗೆ ಮೇರೆ ಇದೇ ಅಂತೆ, ಕೆಲವಕ್ಕೆ ಹತ್ತೇ. “ನಿನ್ನ ಏರಿ ಎಷ್ಟು?” ಎಂದು ಕೇಳಿದೆನು. ಅವನಿಗೆ ಗೊತ್ತಿರಲಿಲ್ಲ. ಎಂಟು ವಾರ ಬೆಲೆ, ಅಶ್ವಬಲ, ಅಗಲಗಳನ್ನೆಲ್ಲ ವಿಚಾರಿಸಿದ ನಾವಿಬ್ಬರೂ ನೆಲವನ್ನು ವಿಚಾರಿಸಿರಲಿಲ್ಲ.

ಮರುದಿನ ಬೆಳಗ್ಗೆ ನಾಲ್ಕಡಿಯ ನೇರವಾದ ಹಲಗೆಯೊಂದು, ಗಾರೆಯವರ ರಸಮಟ್ಟ, ಅಳತೆಯ ಪಟ್ಟಿ ಇವನ್ನು ತೆಗೆದುಕೊಂಡು ಏರಿಗೆ ಹೋದೆವು. ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲೂರಿ, ರಸಮಟ್ಟವನ್ನಿಟ್ಟು ಅಡ್ಡಕ್ಕೆ ಸರಿಯಾಗಿ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂಗುಲವೆಂದು ಅಳೆಯುವುದು. ಮಗನು ಹಲಗೆ ಹಿಡಿದನು, ನಾನು ಅಳೆದೆನು. ಹದಿನಾರು ಅಂಗುಲ ಬಂತು. ಅವನು ಜೇಬಿನಿಂದ ಫೋನು ತೆಗೆಯುವುದಕ್ಕೆ ಹೊರಟನು, ನಾನು ತಡೆದೆನು. ಭುಜ 48, ಕೋಟಿ 16, ಕರ್ಣ ಐವತ್ತಕ್ಕೆ ಅರೆಯಷ್ಟು ಹೆಚ್ಚು. ಆರ್ಯಭಟನು 499ರಲ್ಲಿ ರಚಿಸಿದ ಗ್ರಂಥದಲ್ಲಿ ವೃತ್ತಪಾದವನ್ನು ಇಪ್ಪತ್ತನಾಲ್ಕು ಮಾಡಿ ಒಂದೊಂದಕ್ಕೂ ಜ್ಯಾಮಾನವನ್ನು ಹೇಳಿದ್ದಾನೆ, ತ್ರಿಜ್ಯ 3438. ಪಾಠಶಾಲೆಯಲ್ಲಿ ನಮ್ಮ ಗುರುಗಳು ಅದನ್ನು ಬಾಯಿಪಾಠ ಮಾಡಿಸಿದ್ದರು, ಯಾವ ಪುರುಷಾರ್ಥಕ್ಕೆಂದು ನಮಗಾರಿಗೂ ಆಗ ತಿಳಿದಿರಲಿಲ್ಲ. ಒಂದೊಂದು ಖಂಡ 3 ಅಂಶ 45 ಕಲೆಯಾದುದರಿಂದ ನಾಲ್ಕನೆಯದು ಸರಿಯಾಗಿ 15 ಅಂಶ. ಅದರ ಜ್ಯಾ 890. ಐದನೆಯದು 18 ಅಂಶ 45 ಕಲೆ. ಅದರ ಜ್ಯಾ 1105. ನಮ್ಮ ಏರಿಯದು ತ್ರೈರಾಶಿಕದಿಂದ 1087 ಬಂತು. ನಾಲ್ಕನೆಯದನ್ನು ದಾಟಿ ಐದನೆಯದರ ಹೊಸ್ತಿಲಿನಲ್ಲಿ ನಿಂತಿದೆ. ಮತ್ತೊಮ್ಮೆ ತ್ರೈರಾಶಿಕ ಮಾಡಿ 18 ಅಂಶ 26 ಕಲೆಯೆಂದೆನು. ಆಗ ಅವನು ಫೋನಿನಲ್ಲಿ ನೋಡಿ, “ಹದಿನೆಂಟು ಅಂಶ, ಇಪ್ಪತ್ತಾರು ಕಲೆ” ಎಂದನು. ಅವನ ಮುಖದಲ್ಲಿ ಹಿಂದಿನ ದಿನದಿಂದ ಮೊದಲ ಬಾರಿಗೆ ನಗು ಕಂಡಿತು.

ಏರಿಯ ಉದ್ದಕ್ಕೂ ಹತ್ತು ಕಡೆ ಅಳೆಯುತ್ತ ಹೋದೆವು. ಐದನೆಯದೋ ಆರನೆಯದೋ ಅಳತೆಯಲ್ಲಿ ಅವನು ಹಲಗೆಯನ್ನು ಹಿಡಿದಿದ್ದಂತೆಯೇ, “ಅಪ್ಪಯ್ಯ, ತೋಟವನ್ನು ಅಳೆದ ದಿವಸ ಸರಪಳಿಯ ಆಚೆಯ ತುದಿ ಹಿಡಿದಿದ್ದವನು ನಾನೇ, ನೆನಪಿದೆಯೇ?” ಎಂದನು.

ನೆನಪಿಲ್ಲದೆ ಏನು? 2009ರಲ್ಲಿ ಅವನನ್ನು ಹೊರದೇಶದ ಓದಿಗೆ ಕಳುಹಿಸುವ ವೆಚ್ಚಕ್ಕೆ, ನಮ್ಮ ತಂದೆಯವರ ಕಾಲದ ಅಡಕೆ ತೋಟದಲ್ಲಿ ಹಳ್ಳದ ಕಡೆಯ ಒಂದೂವರೆ ಎಕರೆಯನ್ನು ಮಾರಿದೆನು. ಮೋಜಣಿಯವರ ಸಂಗಡ ಆಳು ಬಂದಿರಲಿಲ್ಲವೆಂದು ಹುಡುಗನೇ ಸರಪಳಿ ಹಿಡಿದನು. ಆ ವಿಷಯವನ್ನು ನಾನೂ ಎತ್ತಿರಲಿಲ್ಲ, ಅವನೂ ಎತ್ತಿರಲಿಲ್ಲ. ಹದಿನೈದು ವರ್ಷ ಹಾಗೆಯೇ ಕಳೆದಿತ್ತು.

“ನಿಮ್ಮದು ಒಂದೂವರೆ ಎಕರೆ ಹೋಯಿತಲ್ಲ. ಇಲ್ಲಿ ಕೊಳ್ಳುವಾಗ ಅದರ ನಾಲ್ಕರಷ್ಟು ಇರಲಿ ಎಂದುಕೊಂಡೆ” ಎಂದನು. “ಇವಳಿಗೂ ಹೇಳಿಲ್ಲ. ಹೇಳಿದರೆ ಹುಚ್ಚು ಎನ್ನುತ್ತಾಳೆ.”

ಗಂಟೆಗೆ ಇಷ್ಟು ಎಕರೆಯೆಂದು, ವರ್ಷಕ್ಕೆ ಇಷ್ಟು ಡಾಲರೆಂದು ಎಲ್ಲ ಲೆಕ್ಕವನ್ನೂ ಮಾಡಿದ ನನಗೆ ಆ ಒಂದು ಗುಣಾಕಾರ ಹೊಳೆದಿರಲಿಲ್ಲ. ಬಸಳೆಯ ಚಪ್ಪರವಿಲ್ಲ, ದನವಿಲ್ಲ ಎಂದು ಎರಡು ತಿಂಗಳು ಹಂಗಿಸಿದುದೆಲ್ಲ ನೆನಪಾಯಿತು. ಏನು ಹೇಳಬೇಕೆಂದು ತಿಳಿಯಲಿಲ್ಲ. “ಹಲಗೆ ಅಲುಗಿಸಬೇಡವೋ, ರಸಮಟ್ಟ ಸರಿಯಿತು” ಎಂದೆನು. ಹದಿನೈದೂವರೆ ಅಂಗುಲ ಬಂತು, ಬರೆದುಕೊಂಡೆವು.

ಆ ಮೇಲಿನ ತೀರ್ಮಾನಗಳು ಬೇಗ ಆದುವು. ಮನೆಯ ಹಿಂದಿನ ದಿಬ್ಬ 8 ಅಂಶ, ರಸ್ತೆಯ ಪಕ್ಕದ ಇಳುಕಲು 11. ಇವೆರಡೂ ಒಣಗಿದ್ದಾಗ ಯಂತ್ರಕ್ಕೆ ಸಲ್ಲುವುವು. ಏರಿಯೂ ನೀರಿನಂಚಿನಿಂದ ಹತ್ತು ಹನ್ನೆರಡು ಅಡಿಯ ಪಟ್ಟಿಯೂ ಸಲ್ಲದು. ಆ ಮೇರೆಗೆ ಉದ್ದಕ್ಕೂ ಗೂಟ ಹೊಡೆದು ಬಿಳಿಯ ಬಣ್ಣ ಬಳಿದೆವು. ಒಳಗಿನ ಹುಲ್ಲನ್ನು ಬೆಳೆಯಲು ಬಿಟ್ಟು, ವರ್ಷಕ್ಕೆರಡು ಸಲ ಕೈಯಂತ್ರದಿಂದ ಸವರುವುದೆಂದಾಯಿತು. ಏರಿಯ ಮೇಲೆ ಗಿಡಮರಗಳು ಬೇರೂರಿದರೆ ಏರಿ ಸಡಿಲುವುದಾದುದರಿಂದ ಅಷ್ಟು ಅವಶ್ಯ. ಹೆಗಲಿಗೆ ನೇತುಹಾಕಿಕೊಳ್ಳುವ ಆ ಕೈಯಂತ್ರ ನಮ್ಮ ಅಡಕೆ ತೋಟಗಳಲ್ಲಿ ಈಗ ಕಳೆ ಹೊಡೆಯುತ್ತಿರುವುದೇ. ಅಮೆರಿಕದಲ್ಲಿ ನಾನು ಗುರುತಿಸಿದ ಏಕೈಕ ಯಂತ್ರ. ಇದರಿಂದ ಎಣಿಸದ ಲಾಭವೊಂದಾಯಿತು. ಆ ಕೊಳಕ್ಕೆ ಕೆನಡಾ ಬಾತುಗಳು ಹಿಂಡುಹಿಂಡಾಗಿ ಇಳಿದು ಅಂಗಳವನ್ನೆಲ್ಲ ಹೊಲಸು ಮಾಡುತ್ತಿದ್ದುವು. ಎತ್ತರದ ಹುಲ್ಲಿನ ಮರೆಯಲ್ಲಿ ನರಿ ಹೊಂಚಿದ್ದೀತೆಂಬ ಭಯದಿಂದ ಅವು ಅಂಥ ದಡವನ್ನು ದಾಟಲು ಹಿಂಜರಿಯುತ್ತವೆ. ಆಗಸ್ಟಿನ ವೇಳೆಗೆ ಅಂಗಳ ಶುದ್ಧವಾಯಿತು. ನನ್ನ ಹೆಂಡತಿ ಅಲ್ಲಿ ಬರಿಗಾಲಿನಲ್ಲಿ ನಡೆಯತೊಡಗಿದಳು.

ಯಂತ್ರವನ್ನು ಅದೇ ಅಂಗಡಿಯವರಲ್ಲಿಯೇ ಕೊಂಡೆವು. ಕೆಸರಿನಲ್ಲಿ ಹೂತುದನ್ನು ತೊಳೆದು, ಒಂದು ಡಾಲರನ್ನೂ ಕೇಳದೆ ಹೋದವರನ್ನು ಬಿಟ್ಟು ಬೇರೆಯವರಲ್ಲಿಗೆ ಹೋಗುವುದು ನ್ಯಾಯವಲ್ಲವೆಂದು ನನ್ನ ಹೆಂಡತಿ ಹೇಳಿದಳು. ಹತ್ತು ಮೈಲಿಯೊಳಗೆ ದುರಸ್ತಿ ಮಾಡುವವರಿರುವುದು ಮುಖ್ಯವೆಂದು ಮಗನೂ ಒಪ್ಪಿದನು. ನಡುತರದ ಯಂತ್ರ, 54 ಅಂಗುಲದ ಬೆಸೆದ ಡೆಕ್ಕು, ಮೂರು ಅಲಗು, ಎಣ್ಣೆ ಬದಲಾಯಿಸಬಹುದಾದ ಪೆಟ್ಟಿಗೆಗಳು, ಮಡಿಸುವ ಕಮಾನು. 6,800 ಡಾಲರು. ಕಮಾನಿಲ್ಲದ ಅಗ್ಗದ್ದೂ ಒಂದಿದ್ದಿತು. ಅದನ್ನು ಯಾರೂ ತಿರುಗಿ ನೋಡಲಿಲ್ಲ.

ಇನ್ನುಳಿದುದು ಮೊಮ್ಮಗನ ವ್ಯಾಜ್ಯ. ತಂದೆಯ ತೊಡೆಯ ಮೇಲೆ ಕುಳಿತು ಒಂದು ಸುತ್ತು ಬರಬೇಕೆಂದು ಅವನ ಹಟ. ಅಲ್ಲಿ ಹಾಗೆ ಕೂರಿಸಿಕೊಳ್ಳುವವರು ಎಷ್ಟೋ ಜನ; ಅದರಿಂದ ಕೈಕಾಲು ಕಳೆದುಕೊಂಡ ಮಕ್ಕಳೂ ಉಂಟು. ಅಲಗಿನ ತುದಿಯ ವೇಗ ನಿಮಿಷಕ್ಕೆ 19,000 ಅಡಿಯನ್ನು ಮೀರಕೂಡದೆಂದು ಅಲ್ಲಿಯ ಕಟ್ಟಳೆ. ಮೀರದಿದ್ದರೂ ಅದು ಗಂಟೆಗೆ 215 ಮೈಲಿಯಾಯಿತು. ಆ ವೇಗದ ಅಲಗಿಗೆ ಸಿಕ್ಕಿದ ಬೆಣಚುಕಲ್ಲು ಎತ್ತ ಹಾರೀತೆಂದು ಬಲ್ಲವರಾರು? ಹದಿನಾರು ವರ್ಷವಾಗುವವರೆಗೆ ಏರುವ ಯಂತ್ರವನ್ನು ಮಕ್ಕಳ ಕೈಗೆ ಕೊಡಬಾರದು, ಯಾವ ವಯಸ್ಸಿನ ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಬಾರದು ಎಂದು ಅಲ್ಲಿಯ ಮಕ್ಕಳ ವೈದ್ಯರ ಪರಿಷತ್ತು ಹೇಳುತ್ತದೆ. ಐದು ವರ್ಷದವನಿಗೆ ಇದನ್ನು ತಿಳಿಸುವುದು ಹೇಗೆ? ಅತ್ತನು, ನೆಲಕ್ಕೆ ಬಿದ್ದು ಹೊರಳಿದನು. ಕಡೆಗೆ ಹುಲ್ಲು ಕತ್ತರಿಸುವ ಹೊತ್ತಿನಲ್ಲಿ ಅವನನ್ನು ಮನೆಯೊಳಗಿರಿಸಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂತು. ನಾನು ಅವನಿಗೆ ಹಲಗೆ, ರಸಮಟ್ಟ, ಅಳತೆಯ ಪಟ್ಟಿ ಕೊಟ್ಟು ಮನೆಯೊಳಗಿನ ಇಳಿಜಾರುಗಳನ್ನೆಲ್ಲ ಅಳೆಯಿಸಿದೆನು. ದಿಂಬುಗಳ ಗುಡ್ಡ, ಓರೆಯಾಗಿಟ್ಟ ಮಣೆ, ಮಹಡಿಯ ಮೆಟ್ಟಿಲು. ಒಂದೊಂದಕ್ಕೂ ಅಂಗುಲ ಹೇಳುವನು, ನಾನು ಜ್ಯಾ ಹೇಳುವೆನು. 890 ಮೀರಿದರೆ, “ಅಜ್ಜ, ಮೋವರ್ ಹೋಗಬಾರದು!” ಎಂದು ಕೂಗುವನು. ಒಂದೂವರೆ ಗಂಟೆಯಲ್ಲಿ ಅವನ ತಂದೆ ಯಂತ್ರವನ್ನು ಕೊಟ್ಟಿಗೆಗೆ ಸೇರಿಸಿ ಒಳಕ್ಕೆ ಬರುತ್ತಿದ್ದನು. ಶನಿವಾರದ ಉಳಿದ ಹೊತ್ತೆಲ್ಲ ಮಗುವಿನದಾಗುತ್ತಿತ್ತು.

ನಾವು ಹೊರಡುವ ಹೊತ್ತಿಗೆ ಯಂತ್ರದ ಗಡಿಯಾರ ಇಪ್ಪತ್ತಾರು ಗಂಟೆ ತೋರಿಸುತ್ತಿತ್ತು. ಕೊಟ್ಟಿಗೆಯ ಪಕ್ಕದ ಬಿಸಿಲಿನಲ್ಲಿ ನನ್ನ ಹೆಂಡತಿ ಬಸಳೆಯ ದಂಟನ್ನೂರಿ ಒಂದು ಚಪ್ಪರವನ್ನು ಕಟ್ಟಿಸಿದ್ದಳು. ಅಲ್ಲಿಯ ಮೊದಲ ಹಿಮಕ್ಕೆ ಅದು ಕರಗುವುದೆಂದು ಸೊಸೆ ಹೇಳಿದಳು, ಕರಗಿತೆಂದು ಅಕ್ಟೋಬರಿನಲ್ಲಿ ತಿಳಿಸಿದಳು. ಹಲಗೆಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿ ಬಂದಿದ್ದೆನು. ಕಳೆದ ತಿಂಗಳು ಮಗನು ಫೋನಿನಲ್ಲಿ ಮಾತನಾಡುತ್ತ, ಹುಡುಗನು ತನ್ನ ಶಾಲೆಯ ಆಟದಂಗಳದಲ್ಲಿರುವ ಜಾರುಬಂಡೆಯನ್ನು ಅಳೆಯಬೇಕೆಂದು ಆ ಹಲಗೆಯನ್ನು ಕಾರಿನಲ್ಲಿ ಹಾಕಿಸಿಕೊಂಡು ಹೋದನೆಂದು ಹೇಳಿದನು. ಎಷ್ಟು ಬಂತೆಂಬುದನ್ನು ಇನ್ನೂ ತಿಳಿಸಿಲ್ಲ.